ನನ್ನ ಗಾಲ್ಫ್ ಬೀಸನ್ನು ಉದ್ಧರಿಸಿದ ಹಗ್ಗದ ಯಂತ್ರಕ್ಕೆ

ಮಾನ್ಯ ಹಗ್ಗದ ಯಂತ್ರ ಮಹಾಶಯರೇ,

ಜಿಮ್ಮಿನ ಕಿಟಕಿ ಪಕ್ಕದ ಮೂಲೆಯಲ್ಲಿ ಎರಡು ಕಬ್ಬಿಣದ ಕಾಲೂರಿ, ನೆತ್ತಿಯ ಮೇಲೆ ರಾಟೆ ಧರಿಸಿ, ಯಾರು ಬಂದು ಹಗ್ಗ ಎಳೆದರೂ ಮುಖ ಸಿಂಡರಿಸದೆ ನಿಂತಿರುವ ತಮಗೆ ನನ್ನ ಅನಂತ ನಮಸ್ಕಾರಗಳು. ಕಾಲಕಾಲಕ್ಕೆ ಎಣ್ಣೆ ಕುಡಿದು ತಾವು ಸುಖವಾಗಿದ್ದೀರೆಂದು ನಂಬಿದ್ದೇನೆ. ನನ್ನ ಕ್ಷೇಮವನ್ನು ತಾವಾಗಿ ಕೇಳುವ ಅಭ್ಯಾಸ ತಮಗಿಲ್ಲವಾದ್ದರಿಂದ ನಾನೇ ಹೇಳಿಕೊಳ್ಳುತ್ತೇನೆ: ಸೊಂಟ ಗಟ್ಟಿಯಾಗಿದೆ, ಬಲಭುಜ ಉಬ್ಬಿದೆ, ಹಸಿವು ಚೆನ್ನಾಗಿದೆ, ಮಾನ ಮಾತ್ರ ಹಾಸಿಗೆ ಹಿಡಿದಿದೆ.

ಈ ಪತ್ರವನ್ನು ನೋಟಿಸ್ ಬೋರ್ಡಿನಲ್ಲಿ, "ಬೆವರು ಒರೆಸಿ ಏಳಿ" ಎಂಬ ಚೀಟಿಯ ಕೆಳಗೆ ಅಂಟಿಸುತ್ತಿರುವುದಕ್ಕೆ ಕ್ಷಮೆಯಿರಲಿ. ತಮಗೆ ಓದಲು ಬರುವುದಿಲ್ಲವೆಂದು ಇಲ್ಲಿನ ಟ್ರೈನರಮ್ಮ ಹೇಳಿದರು. ಓದಲು ಬರುವವರಿಗೆ ಬರೆದ ಅರ್ಜಿಗಳಿಗೂ ನನಗೆ ಈವರೆಗೆ ಉತ್ತರ ಬಂದಿಲ್ಲವಾದ್ದರಿಂದ ಅದೇನೂ ದೊಡ್ಡ ಅಡ್ಡಿಯಲ್ಲ. ಅಂದಹಾಗೆ, ನಮ್ಮ ಹಳ್ಳಿ ಶಾಲೆಯಲ್ಲಿ ರಜಾ ಅರ್ಜಿ ಬರೆಯುವುದರಲ್ಲಿ ನಾನೇ ಮೊದಲಿಗ. ಅಷ್ಟು ಅಭ್ಯಾಸ ಬೇರೆ ಯಾರಿಗೂ ಇರಲಿಲ್ಲ.

ಗಾಲ್ಫ್ ಮೈದಾನದಲ್ಲಿ ಇಪ್ಪತ್ತೆಂಟು ವರ್ಷ ಹುಲ್ಲು ಕತ್ತರಿಸುವ ಗಾಡಿ ಓಡಿಸಿದವನು ನಾನು. ಸೋಮವಾರ ಸದಸ್ಯರಿಗೆ ಮೈದಾನ ಬಂದ್, ಅಂದು ಕೆಲಸಗಾರರು ಆಡಿಕೊಳ್ಳಬಹುದು, ನಿವೃತ್ತರಿಗೂ ಅಡ್ಡಿಯಿಲ್ಲ. ಎಂದೋ ಊರು ಬಿಟ್ಟುಹೋದ ಸದಸ್ಯರೊಬ್ಬರು ಕಪಾಟಿನಲ್ಲಿ ಮರೆತುಹೋದ ಎಡಗೈಯವರ ಗಾಲ್ಫ್ ಕೋಲುಗಳು ನನ್ನ ಪಾಲಿಗೆ ಬಂದವು. ಬರೆಯುವುದು, ಉಣ್ಣುವುದು ಎಲ್ಲ ಬಲಗೈಯಲ್ಲಾದರೂ ಆ ಕೋಲು ಹಿಡಿದು ಚೆಂಡಿನ ಆಚೆ ಬದಿಗೆ ನಿಂತು ಬೀಸಲು ನಾನು ಎರಡೇ ದಿನದಲ್ಲಿ ಕಲಿತೆ. ನನ್ನ ಹೊಡೆತ ಕಂಡು ರಸ್ತೆಯಲ್ಲಿ ಹೋಗುವ ಕಾರುಗಳು ನಿಲ್ಲುತ್ತಿದ್ದವು. ಗಾಜು ಒಡೆದೀತೆಂಬ ಭಯಕ್ಕೆ ನಿಲ್ಲುತ್ತಿದ್ದವು ಎಂದು ನನ್ನ ಹೆಂಡತಿ ಹೇಳುವುದುಂಟು. ಆಕೆಗೆ ಆಟ ತಿಳಿಯದು.

ನನ್ನ ತಂಗಿಯ ಗಂಡ, ಅಂದರೆ ನಮ್ಮ ಭಾವ (ಅವನಿಗೆ ನಾನೂ ಭಾವನೇ), ಅದೇ ಮೈದಾನದಲ್ಲಿ ನೀರಿನ ಪಂಪು ನೋಡಿಕೊಳ್ಳುವವನು. ವರ್ಷಕ್ಕೊಮ್ಮೆ ನಮ್ಮಿಬ್ಬರಿಗೆ ಪಂದ್ಯ. ಸೋತವನು ಇಡೀ ವರ್ಷ, ಪ್ರತಿ ಸೋಮವಾರ, ಗೆದ್ದವನ ಕೋಲಿನ ಚೀಲ ಹೊತ್ತುಕೊಂಡು ಅವನ ಹಿಂದೆ ನಡೆಯಬೇಕು. ನಾಲ್ಕು ವರ್ಷ ಭಾವನೇ ಹೊತ್ತ. ಮುಂದೆ ನಾನು ಕೈಬೀಸಿಕೊಂಡು, ಹಿಂದೆ ಅವನು ಏದುಸಿರು ಬಿಟ್ಟುಕೊಂಡು ಬರುವ ಆ ನೋಟಕ್ಕಾಗಿಯೇ ನಾನು ಸೋಮವಾರ ಬೇಗ ಏಳುತ್ತಿದ್ದೆ. ಆದರೆ ಕಳೆದ ವರ್ಷ ಗೆದ್ದದ್ದು ಒಂದೇ ಒಂದು ಹೊಡೆತದ ಅಂತರದಿಂದ. ಚೆಂಡು ಮೊದಲಿನಷ್ಟು ದೂರ ಹೋಗುತ್ತಿರಲಿಲ್ಲ. "ಭಾವ, ಭುಜಕ್ಕೆ ಈಗಲೇ ಎಣ್ಣೆ ತಿಕ್ಕಿಕೊಳ್ಳಿ, ಮುಂದಿನ ವರ್ಷ ಚೀಲ ನಿಮ್ಮದೇ," ಎಂದು ಅವನು ನನ್ನ ತಂಗಿಯ ಎದುರೇ ಹೇಳಿದ. ಆ ಮಾತೇ ನನ್ನನ್ನು ತಮ್ಮ ಪಾದಕ್ಕೆ ತಂದು ಹಾಕಿತು.

ಬೀಸು ಕೈಯಿಂದಲ್ಲ, ಸೊಂಟದ ತಿರುವಿನಿಂದ ಬರುತ್ತದೆ, ನಿಮ್ಮ ಸೊಂಟ ಬೀಗ ಹಾಕಿದ ಹಾಗಿದೆ ಎಂದು ಟ್ರೈನರಮ್ಮ ಮೊದಲ ದಿನವೇ ಕಂಡುಹಿಡಿದರು. ನಾನು ರಿಜಿಸ್ಟರಿನಲ್ಲಿ ಬಲಗೈಯಿಂದ ದಪ್ಪ ಅಕ್ಷರದಲ್ಲಿ ಸಹಿ ಹಾಕುತ್ತಿರುವಾಗ, "ಅಂಕಲ್, ಯಾವ ಕಡೆಯಿಂದ ಬೀಸ್ತೀರಿ?" ಎಂದೂ ಕೇಳಿದರು. ಅಕ್ಕಪಕ್ಕದಲ್ಲಿ ನಾಲ್ಕು ಜನ ಇದ್ದರು. ಇಂಥ ಚಿಕ್ಕ ಪ್ರಶ್ನೆಗೆ ಚಿಕ್ಕ ಉತ್ತರ ಕೊಡುವುದು ನನ್ನ ಜಾಯಮಾನವಲ್ಲವಾದ್ದರಿಂದ, "ನನಗೆ ಎರಡೂ ಕಡೆ ಒಂದೇ ಅಮ್ಮಾ," ಎಂದೆ. ಅವರು ನನ್ನ ಸಹಿಯನ್ನು ನೋಡಿದರು, ತಲೆಯಾಡಿಸಿದರು, ಚಾರ್ಟು ಬರೆದರು: ಹಗ್ಗವನ್ನು ಬಲದಿಂದ ಎಡಕ್ಕೆ ಮೂವತ್ತು ಸಲ, ಸಮತೋಲನಕ್ಕೆಂದು ಎಡದಿಂದ ಬಲಕ್ಕೆ ಹತ್ತು ಸಲ, ಆಮೇಲೆ ಬಲಗೈಯಲ್ಲಿ ಹದಿನೆಂಟು ಕಿಲೋ ತೂಕ ಹಿಡಿದು ಕನ್ನಡಿಯಿಂದ ಬಾಗಿಲವರೆಗೆ ಬೆನ್ನು ಬಗ್ಗಿಸದೆ ನಡಿಗೆ.

ತಮ್ಮ ಸೇವೆಯನ್ನು ನಾನು ಎಷ್ಟು ಶ್ರದ್ಧೆಯಿಂದ ಸ್ವೀಕರಿಸಿದೆನೆಂಬುದಕ್ಕೆ ತಾವೇ ಸಾಕ್ಷಿ. ಮೂವತ್ತಕ್ಕೆ ನಿಲ್ಲಿಸುವುದು ಹೆಂಗಸರು ಮಕ್ಕಳಿಗೆ ಎಂದುಕೊಂಡು, ಆ ಹತ್ತು ಉಪಚಾರಕ್ಕೆ ಬರೆದದ್ದೆಂದು ತಿಳಿದು, ಅವನ್ನೂ ಬಲದಿಂದ ಎಡಕ್ಕೇ ಸೇರಿಸಿ ಪೂರಾ ನಲವತ್ತು ಎಳೆದೆ. ಮೂರು ತಿಂಗಳು ಎಳೆದೆ. ಭಾವನಿಗೆ ಸುಳಿವು ಸಿಗಬಾರದೆಂದು ಮೈದಾನದ ಕಡೆಗೆ ತಲೆ ಹಾಕಲಿಲ್ಲ, ಕೋಲು ಮುಟ್ಟಲಿಲ್ಲ. "ಎಮ್ಮೆನ ಗೋಡೆಗೆ ಕಟ್ಟಿ ಎಳೆದ ಹಾಗೆ ದಿನಾ ಎಳೀತೀರಲ್ಲ, ಹಾಲು ಯಾವಾಗ ಕೊಡುತ್ತೆ?" ಎಂದು ಮನೆಯಾಕೆ ಕೇಳಿದರೆ, ಪಂದ್ಯದ ದಿನ ಬಾ, ಕೊಡದ ತುಂಬ ತೋರಿಸುತ್ತೇನೆ ಎಂದೆ. ಟ್ರೈನರಮ್ಮನನ್ನೂ ಕರೆದೆ. ಶಿಷ್ಯನ ಪ್ರತಾಪ ಗುರು ಕಣ್ಣಾರೆ ನೋಡಬೇಡವೇ?

ಪಂದ್ಯದ ಬೆಳಿಗ್ಗೆ ನಾನು ಕೋಲು ತೆಗೆದು ಚೆಂಡಿನ ನನ್ನ ಬದಿಗೆ ಹೋಗಿ ನಿಂತೆ. ಟ್ರೈನರಮ್ಮ ಎರಡೂ ಕೈ ತಲೆಯ ಮೇಲಿಟ್ಟುಕೊಂಡರು. "ಅಂಕಲ್! ನೀವು ಎಡಗೈ ಆಟಗಾರರಾ?"

"ನೀವು ಕೇಳಲೇ ಇಲ್ಲವಲ್ಲಮ್ಮಾ," ಎಂದೆ.

"ಕೇಳಿದ್ದೆ ಅಂಕಲ್. ಎರಡೂ ಕಡೆ ಒಂದೇ ಅಂದ್ರಿ."

ಮಹಾಶಯರೇ, ಎಡಗೈ ಆಟಗಾರ ಕೋಲನ್ನು ಎಡಕ್ಕೆ ಹಿಂದೆತ್ತಿ ಬಲಕ್ಕೆ ಬೀಸಬೇಕು. ತಾವು ನನಗೆ ದಯಪಾಲಿಸಿದ್ದು ಬಲದಿಂದ ಎಡಕ್ಕೆ ತಿರುಗುವ ಶಕ್ತಿ. ಅಂದರೆ ಕೋಲನ್ನು ಹಿಂದಕ್ಕೆ ಎತ್ತುವುದರಲ್ಲಿ ಇಂದು ಭೂಮಿಯ ಮೇಲೆ ನನಗೆ ಸಾಟಿಯಿಲ್ಲ. ಮೊದಲ ಸಲ ಎತ್ತಿದಾಗ ಅದು ಎಂಥ ರಭಸದಿಂದ ಹೋಯಿತೆಂದರೆ, ಅದರ ಹಿಂದೆ ನಾನೂ ಹೋಗಿ, ಒಂದು ಸುತ್ತು ಪೂರ್ತಿ ತಿರುಗಿ, ಚೆಂಡಿಗೆ ಬೆನ್ನು ಮಾಡಿ ನಿಂತೆ. ಎರಡನೆಯ ಸಲ ನಿಭಾಯಿಸಿದೆ. ಆದರೆ ಮಿಂಚಿನಂತೆ ಹಿಂದೆ ಹೋದ ಕೋಲು ಮುಂದೆ ಬರುವಾಗ, ತವರಿನಿಂದ ಹೊರಟ ಹೊಸ ಸೊಸೆಯಂತೆ ನಿಂತು ನಿಂತು ಬಂತು. ಚೆಂಡು ಮೂರು ಮಾರು ಉರುಳಿ ಹುಲ್ಲಿನಲ್ಲಿ ಕೂತಿತು. ಇಪ್ಪತ್ತೆಂಟು ವರ್ಷ ನಾನೇ ಕತ್ತರಿಸಿದ ಹುಲ್ಲು ಅದು. "ಭಾವ, ಹಿಂದೆ ಯಾರಾದ್ರೂ ನಿಂತಿದ್ದಿದ್ರೆ ಹೆಣ ಬೀಳ್ತಿತ್ತು," ಎಂದ ಭಾವ, ತುಂಬು ಗೌರವದಿಂದ. ಎಷ್ಟು ಹೊಡೆತದಿಂದ ಸೋತೆ ಎಂದು ತಾವು ಕೇಳಬಾರದು. ಮನೆಯಾಕೆ ಮಾತ್ರ ದಾರಿಯುದ್ದಕ್ಕೂ ಕೇಳಿದ್ದು ಒಂದೇ: "ಕೊಡ ಎಲ್ಲಿಡಲಿ?"

ಆದಕಾರಣ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆಗಳಿವೆ. ನನ್ನ ದೇಹದ ಒಂದು ಬದಿಗೆ ತುಂಬಿಸಿದ ಶಕ್ತಿಯನ್ನು ದಯವಿಟ್ಟು ಇನ್ನೊಂದು ಬದಿಗೆ ವರ್ಗಾಯಿಸಿಕೊಡಿ. ಅದು ಕಷ್ಟವಾದರೆ, ನಾನು ಎಳೆದ ಮೂರು ತಿಂಗಳ ಹಗ್ಗವನ್ನೆಲ್ಲ ತಾವು ಅಷ್ಟೇ ಶ್ರದ್ಧೆಯಿಂದ ವಾಪಸು ಎಳೆದುಕೊಳ್ಳಿ. ಅದೂ ಆಗದಿದ್ದರೆ, ಗಾಲ್ಫ್ ಮೈದಾನದವರ ಜೊತೆ ಮಾತಾಡಿ, ಚೆಂಡು ಬೀಳಬೇಕಾದ ಕುಳಿಗಳನ್ನೆಲ್ಲ ನನ್ನ ಬೆನ್ನ ಹಿಂದಕ್ಕೆ ಸ್ಥಳಾಂತರಿಸಿ. ಆಗ ಭಾವನನ್ನಷ್ಟೇ ಅಲ್ಲ, ಯಾರನ್ನು ಬೇಕಾದರೂ ಕರೆಸಿ. ತಪ್ಪು ನನ್ನದೇ ಎಂದು ಹೇಳುವವರು ಮನೆಯಲ್ಲೇ ಇರುವುದರಿಂದ ತಾವು ಆ ಶ್ರಮ ತೆಗೆದುಕೊಳ್ಳುವುದು ಬೇಡ.

ತಮ್ಮ ತರಬೇತಿ ಪೂರ್ತಿ ವ್ಯರ್ಥವಾಯಿತೆಂದು ಹೇಳಿದರೆ ಅನ್ಯಾಯವಾದೀತು. ಈಗ ನಾಲ್ಕು ಸೋಮವಾರಗಳಿಂದ ಭಾವನ ಚೀಲ ನನ್ನ ಬಲಭುಜದ ಮೇಲಿದೆ. ಹದಿನೆಂಟು ಕಿಲೋ ಹಿಡಿದು ಕನ್ನಡಿಯಿಂದ ಬಾಗಿಲವರೆಗೆ ನಡೆದ ನನಗೆ ಅದು ಹತ್ತಿಯ ಮೂಟೆ. ಬೆನ್ನು ಬಗ್ಗುವುದಿಲ್ಲ, ಉಸಿರು ಕಟ್ಟುವುದಿಲ್ಲ, ಒಂಬತ್ತು ಕುಳಿ ಸುತ್ತಿ ಬಂದರೂ ಒಂದು ಹನಿ ಬೆವರಿಲ್ಲ. ಈ ಮೈದಾನ ಹುಟ್ಟಿದಾಗಿನಿಂದ ಇಂಥ ಚೀಲ ಹೊರುವವನನ್ನು ಕಂಡಿಲ್ಲವೆಂದು ಹಿರಿಯ ಮಾಲಿಯೇ ಹೇಳಿದ್ದಾನೆ. ಸೋಲುವುದಕ್ಕೆ ಮೊದಲೇ ಸೋತವನ ಕೆಲಸಕ್ಕೆ ನನ್ನನ್ನು ಇಷ್ಟು ಅಚ್ಚುಕಟ್ಟಾಗಿ ತಯಾರು ಮಾಡಿದ ತಮ್ಮ ದೂರದೃಷ್ಟಿಗೆ ಯಾವ ಬಾಯಿಂದ ಕೃತಜ್ಞತೆ ಹೇಳಲಿ?

ಎಂದೆಂದೂ ಬಲದಿಂದ ಎಡಕ್ಕೆ ವಾಲಿರುವ,
ತಮ್ಮ ವಿಶ್ವಾಸಿ,
ನಿವೃತ್ತ ಹುಲ್ಲುಗಾಡಿ ಚಾಲಕ

ಮರೆತ ಮಾತು: ನನ್ನ ಭುಜ ನೋಡಿ ಹೊಟ್ಟೆಕಿಚ್ಚು ತಡೆಯಲಾರದೆ ಭಾವನೂ ನಾಳೆಯಿಂದ ತಮ್ಮ ಸೇವೆಗೆ ಬರುತ್ತಿದ್ದಾನೆ. ನನ್ನ ಪ್ರಕರಣವಾದ ಮೇಲೆ ಟ್ರೈನರಮ್ಮ ಜಿಮ್ಮಿಗೆ ಸೇರುವ ಅರ್ಜಿಯಲ್ಲಿ "ಎಡಗೈ ಆಟವೋ, ಬಲಗೈ ಆಟವೋ" ಎಂಬ ಹೊಸ ಸಾಲು ಸೇರಿಸಿದ್ದಾರೆ. ಭಾವ ಹುಟ್ಟಾ ಬಲಗೈಯವನು. ಪಾಪ, ಕನ್ನಡಕ ಮರೆತು ಬಂದಿದ್ದರಿಂದ ಅವನ ಅರ್ಜಿಯನ್ನು ನಾನೇ ಪ್ರೀತಿಯಿಂದ ತುಂಬಿಕೊಟ್ಟೆ, ಎಡಗೈ ಎಂದು. ನಾಳೆಯೂ ಮರೆತೇ ಬರುತ್ತಾನೆ, ಅದಕ್ಕೇ ಈ ಸಾಲುಗಳನ್ನು ಸಣ್ಣ ಅಕ್ಷರದಲ್ಲಿ ಬರೆದಿದ್ದೇನೆ. ನನಗೆ ಮಾಡಿದ ಉಪಕಾರದಲ್ಲಿ ಒಂದು ಎಳೆತವೂ ಕಡಿಮೆಯಾಗದಂತೆ ಅವನಿಗೂ ಮಾಡಬೇಕಾಗಿ ಪ್ರಾರ್ಥನೆ.