ಚಂದ್ರಾಮನ ಶಾಂತಿಗುಳಿಗೆ

ಗಂಡ ತಿರುಗಿ ಬೈಯುವುದಿಲ್ಲ ಎಂದು ದೂರುವ ಹೆಂಡತಿ ಇಡೀ ವಾಡಿ ಜಂಕ್ಷನ್ ಊರಿನಲ್ಲಿ ಭೀಮಬಾಯಿ ಒಬ್ಬಳೇ ಇದ್ದಿರಬೇಕು. ಎಪ್ಪತ್ತೊಂಬತ್ತನೆಯ ಇಸವಿಯ ಮಾತು. ಆಕೆಯ ಗಂಡ ಚಂದ್ರಾಮ ರೈಲ್ವೆ ಪಾರ್ಸೆಲ್ ಗುಮಾಸ್ತ. ಇಪ್ಪತ್ತಾರು ವರ್ಷ ಮಾತಿಗೆ ಮಾತು ಕೊಟ್ಟು ಸಂಸಾರರಥವನ್ನು ಸದ್ದು ಸಮೇತ ಓಡಿಸಿದವನು. ಎರಡು ತಿಂಗಳ ಹಿಂದೆ ಬಿ.ಪಿ. ಏರಿ ಎದೆ ಡವಡವ ಹೊಡೆದುಕೊಂಡಾಗ ಸಿರಾಜುದ್ದೀನ ಡಾಕ್ಟರು ಗುಳಿಗೆ ಬರೆದುಕೊಟ್ಟರು.

“ಸಿಟ್ಟು ಬಂದಾಗ, ಅಂಜಿದಾಗ ಮೈಯಾಗ ಒಂದು ರಸ ಹುಟ್ಟತದ. ಅದು ಎದಿ ಬಾಗಲಾ ಬಡದು ‘ಓಡು, ಓಡು’ ಅಂತದ. ಈ ಗುಳಿಗಿ ಬಾಗಲದಾಗ ಅಡ್ಡ ಕುಂದರತದ. ಎದಿ ನಿಧಾನ ನಡೀತದ, ಬಿ.ಪಿ. ಇಳೀತದ. ನನಗ ಕೇಳದೆ ಬಿಡಬ್ಯಾಡ್ರಿ ಮತ್ತ!”

ಗುಳಿಗೆ ಚಾಚೂ ತಪ್ಪದೆ ಕರ್ತವ್ಯ ಮಾಡಿತು. ಭೀಮಬಾಯಿ ಪಲ್ಯದ ಉಪ್ಪಿನಿಂದ ಹಿಡಿದು ಮಾವನ ಮನೆತನದವರೆಗೆ ಎಷ್ಟೇ ಬೈದರೂ ಚಂದ್ರಾಮ ಋಷಿಯಂತೆ ಕುಳಿತಿರುತ್ತಿದ್ದ. (ಪಾಪ, ಗುಳಿಗೆಯಿಂದ ಮೈಯೂ ಸುಸ್ತಾಗಿತ್ತು. ಆಕೆಗದು ತಾತ್ಸಾರವಾಗಿ ಕಂಡಿತು.)

“ಒಂದಿನಾನೂ ಸುಮ್ಮ ಕುಂತವರಲ್ಲ ನೀವು. ಈಗ ನಾ ಇದ್ರೇನು, ಸತ್ರೇನು ನಿಮಗ?” ಎಂದು ಒಂದು ದಿನ ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಚಂದ್ರಾಮನ ಕರುಳು ಚುರುಕ್ಕೆಂದಿತು. ಹೆಂಡತಿಯ ಸುಖಕ್ಕಾಗಿ ಜಗಳವಾಡಲೇಬೇಕೆಂದು ನಿಶ್ಚಯಿಸಿ, ಯಾರಿಗೂ ಹೇಳದೆ ಗುಳಿಗೆ ನಿಲ್ಲಿಸಿಬಿಟ್ಟ.

ಮೂರನೆಯ ದಿನ ಊಟಕ್ಕೆ ಕುಳಿತವನು, “ಏನಿದು, ರೊಟ್ಟಿನೋ, ಶಹಾಬಾದ ಫರಸಿ ಕಲ್ಲೋ?” ಎಂದು ಗರ್ಜಿಸಿದ. ಭೀಮಬಾಯಿಯ ಮುಖ ಅರಳಿತು. ಅರಳಿ ಮುಗಿಯುವ ಮೊದಲೇ ಅವನ ಎದೆ ಮದ್ರಾಸ್ ಮೇಲ್‌ನಂತೆ ದಡದಡಿಸತೊಡಗಿತು. ಎದೆ ಹಿಡಿದು ಗೋಡೆಗೆ ಒರಗಿದ. ಆಕೆ ಹಂಚಿನ ರೊಟ್ಟಿ ಹಂಚಿನಲ್ಲೇ ಬಿಟ್ಟು, ಬರಿಗಾಲಲ್ಲಿ ಓಡಿ ಟಾಂಗಾ ತಂದಳು.

ಇಂಜೆಕ್ಷನ್ ಕೊಟ್ಟು, ಎದೆ ತಣ್ಣಗಾದ ಮೇಲೆ ಡಾಕ್ಟರು ರೇಗಿದರು: “ಗುಳಿಗಿ ಅಡ್ಡ ಕುಂತಷ್ಟು ದಿನ ಎದಿ ತನ್ನ ಕಿವಿ ದೊಡ್ಡು ಮಾಡ್ಕೊಂಡಿರತದ. ಒಮ್ಮಿಗೇ ಬಿಟ್ರ ಪಿಸುಮಾತೂ ಅದಕ್ಕ ಗುಡುಗಿನಂಗ ಕೇಳತದ. ಜೀವಕ್ಕೇ ಧೋಕಾ ಇತ್ತು! ಯಾಕ ಬಿಟ್ರಿ?”

“ಈಕಿ ಜೋಡಿ ಜಗಳಾಡ್ಲಿಕ್ಕ ರೀ,” ಎಂದ ಚಂದ್ರಾಮ ಸಣ್ಣ ದನಿಯಲ್ಲಿ.

ಭೀಮಬಾಯಿ ಅವನ ಕೈ ಹಿಡಿದು ಅತ್ತಳು. ನಡುವೆ ನಗುವೂ ಬಂತು.

ಮರುದಿನ ಬೆಳಿಗ್ಗೆ ಗುಳಿಗೆ, ನೀರು ತಂದು, ಅವನು ನುಂಗುವವರೆಗೆ ಕಾದು, ಎದುರಿಗೆ ಚಕ್ಕಳಮಕ್ಕಳ ಹಾಕಿ ಕುಳಿತಳು.

“ಖರೇ ಹೇಳ್ತೀನಿ. ನಿಮ್ಮ ಎದಿ ತಾಳಂಗಿಲ್ಲಂತ ಇಷ್ಟು ವರ್ಷ ಅರ್ಧಾನೇ ಬೈದೀನ್ರಿ. ಇನ್ನ ಚಿಂತಿಲ್ಲ!” ಎಂದವಳೇ ಮದುವೆಯಾದ ಐವತ್ತಮೂರನೆಯ ಇಸವಿಯಿಂದ ಶುರುಮಾಡಿದಳು.

ಚಂದ್ರಾಮನ ಎದೆ ಗಡಿಯಾರದಂತೆ ಶಾಂತವಾಗಿ ಬಡಿಯುತ್ತಿತ್ತು. ಹಣೆ ಮಾತ್ರ ಧಾರಾಕಾರ ಬೆವರುತ್ತಿತ್ತು. (ಬೆವರನ್ನು ತಡೆಯುವ ಜವಾಬ್ದಾರಿ ಆ ಗುಳಿಗೆಯದಲ್ಲವಂತೆ.) ಅವನು ಆಫೀಸಿಗೆ ಹೊರಡುವ ಹೊತ್ತಿಗೆ ಆಕೆ ಇನ್ನೂ ಐವತ್ತೈದನೆಯ ಇಸವಿ ದಾಟಿರಲಿಲ್ಲ.