ಕಡಲ್ಗಳ್ಳರು ಕಲಿಸಿದ ಓಟು

ನಮ್ಮ ದೊಡ್ಡಪ್ಪ ಕಳ್ಳರ ಸಹವಾಸ ಮಾಡಿ ಸುಧಾರಿಸಿದ ಮನುಷ್ಯ! ಗಾಬರಿಯಾಗಬೇಡಿ, ನಿಮ್ಮ ಪಾಲಿನದನ್ನೂ ಸೇರಿಸಿ ನಾವೇ ಗಾಬರಿಯಾಗಿ ಮುಗಿಸಿದ್ದೇವೆ. ಸಜ್ಜನರ ಸಂಗ ಮಾಡಿಯೂ ಕೆಟ್ಟವರನ್ನು ನಾನು ನೋಡಿದ್ದೇನೆ. ಬೆಳಿಗ್ಗೆ ಗಡ್ಡ ಕೆರೆಯುವಾಗ ಕನ್ನಡಿಯಲ್ಲಿ ಒಬ್ಬನು ದಿನಾ ಕಾಣುತ್ತಾನೆ. ಆದರೆ ಕಳ್ಳರನ್ನು, ಅದೂ ಸಮುದ್ರದ ಕಳ್ಳರನ್ನು, ಬೈಲಹೊಂಗಲದಂಥ ಎರೆಹೊಲಗಳ ನಡುವಿನ ಊರಿನಲ್ಲಿ ಆರಾಮ ಕುರ್ಚಿಯ ಮೇಲೆ ಕೂತಲ್ಲೇ ಗುರುಗಳನ್ನಾಗಿ ಮಾಡಿಕೊಂಡವರು ಅವರೊಬ್ಬರೇ.

ಇದು ತೊಂಬತ್ತರ ದಶಕದ ಮಾತು. ನಮ್ಮದು ಹನ್ನೊಂದು ಮಂದಿಯ ಮನೆ, ಬಾಯಿ ಮಾತ್ರ ಒಂದೇ. ಆ ಬಾಯಿ ದೊಡ್ಡಪ್ಪನದು. ಹೊಲಕ್ಕೆ ಹತ್ತಿ ಹಾಕುವುದೋ ಶೇಂಗಾ ಹಾಕುವುದೋ ಎಂಬುದರಿಂದ ಹಿಡಿದು ನನ್ನ ತಲೆಗೂದಲು ಎಷ್ಟು ಬೆರಳು ಉದ್ದವಿರಬೇಕು ಎಂಬುದರವರೆಗೆ ಅವರು ಹೇಳಿದ್ದೇ ಕೊನೆ. ಉಳಿದ ಹತ್ತು ಮಂದಿಗೆ ‘ಹೂಂ’ ಎನ್ನುವ ಸ್ವಾತಂತ್ರ್ಯವಿತ್ತು, ಅದನ್ನು ನಾವು ಧಾರಾಳವಾಗಿ ಬಳಸುತ್ತಿದ್ದೆವು. ನಾನು ಮಾತ್ರ ಕೊಟ್ಟಿಗೆಗೆ ಹೋಗಿ, ದೊಡ್ಡಪ್ಪನ ಗಡಸು ಧ್ವನಿ ತೆಗೆದು ಎಮ್ಮೆಗೆ ಹುಕುಂ ಮಾಡುತ್ತಿದ್ದೆ. ಮಲಗಿದ ಎಮ್ಮೆ ಎದ್ದು ನಿಲ್ಲುತ್ತಿತ್ತು! ಅಷ್ಟು ಚೆನ್ನಾಗಿತ್ತು ನನ್ನ ಮಿಮಿಕ್ರಿ. ಪಿಯುಸಿ ಫಲಿತಾಂಶದ ಬಗ್ಗೆ ಮಾತ್ರ ದಯವಿಟ್ಟು ಕೇಳಬೇಡಿ.

ಇಂಥ ದೊಡ್ಡಪ್ಪ ಆ ಯುಗಾದಿಗೆ ರಾಮದುರ್ಗದ ಗೆಳೆಯರೊಬ್ಬರಿಗೆ ಮಾತು ಕೊಟ್ಟು ಬಂದಿದ್ದರು: ಮಗಳು ನೀಲಕ್ಕನನ್ನು ಅವರ ಮಗನಿಗೆ ಕೊಡುವುದು, ದೀಪಾವಳಿ ಕಳೆದ ಮೇಲೆ ಮದುವೆ. ಗೆಳೆಯರದು ಸೀರೆ ಅಂಗಡಿ, ನಲವತ್ತು ವರ್ಷದ ಸ್ನೇಹ, ಹುಡುಗನೂ ಸಂಭಾವಿತ. ಹೆಸರಿಟ್ಟು ದೂರಲು ಏನೂ ಇರಲಿಲ್ಲ. ನೀಲಕ್ಕನನ್ನು ಯಾರೂ ಕೇಳಿರಲಿಲ್ಲ, ಅಷ್ಟೇ. ಮಳೆಗಾಲ ಶುರುವಾಗುವ ಹೊತ್ತಿಗೆ ಅವಳಿಗೆ ಧಾರವಾಡದಲ್ಲಿ ಶಿಕ್ಷಕರ ತರಬೇತಿಗೆ ಸೀಟು ಸಿಕ್ಕ ಪತ್ರ ಬಂತು. ಅದನ್ನವಳು ಜೋಳದ ಡಬ್ಬಿಯ ತಳದಲ್ಲಿಟ್ಟು, ಬೀಸಲು ಜೋಳ ತೆಗೆಯುವ ನೆಪದಲ್ಲಿ ದಿನಾ ಒಮ್ಮೆ ಓದಿ ಮತ್ತೆ ಹೂಳುತ್ತಿದ್ದಳು. ದೊಡ್ಡಪ್ಪನಿಗೆ ಹೇಳುವವರು ಯಾರು? ಅವರು ಮಾತು ಕೊಟ್ಟಾಗಿತ್ತು.

ಆ ಹೊತ್ತಿಗೇ ಟೀವಿಯಲ್ಲಿ ಕಡಲ್ಗಳ್ಳರು ಬಂದರು. ಭಾನುವಾರ ಬೆಳಿಗ್ಗೆ, ಹಿಂದಿಗೆ ಡಬ್ ಆದ ವಿದೇಶಿ ಧಾರಾವಾಹಿ. ಹರಕು ಹಾಯಿಯ ಹಡಗು, ಹೆಗಲ ಮೇಲೆ ಗಿಳಿ, ಸೊಂಟದಲ್ಲಿ ಕತ್ತಿ, ಸ್ನಾನ ಕಂಡು ವರ್ಷವಾದ ಮುಖಗಳು. ಧಾರಾವಾಹಿ ಎಂದರೆ ಹೆಂಗಸರ ಅಳು ಎಂದು ಟೀವಿ ಆರಿಸುತ್ತಿದ್ದ ದೊಡ್ಡಪ್ಪ, ಅವತ್ತು ಆರಿಸಲು ಎದ್ದವರು ಅಲ್ಲೇ ನಿಂತುಬಿಟ್ಟರು. ತೆರೆಯ ಮೇಲೆ ಕಳ್ಳರೆಲ್ಲ ಗುಂಪುಗೂಡಿ ಕೈ ಎತ್ತಿ, ಸ್ವಂತ ಕ್ಯಾಪ್ಟನ್ನನ್ನೇ ಕೆಳಗಿಳಿಸಿ ಅಡುಗೆಯವನನ್ನು ಕ್ಯಾಪ್ಟನ್ ಮಾಡುತ್ತಿದ್ದರು.

“ಏನಲೇ ಇದು!” ದೊಡ್ಡಪ್ಪ ಟೀವಿಯ ಕಡೆ ಬೆರಳು ತೋರಿಸಿದರು. “ಕೂಳು ಹಾಕಿದ ಧಣಿನ್ನ ತಗದ್ರಲ್ಲೋ!”

“ಓಟ್ ಹಾಕಿ ತಗದ್ರರಿ,” ಎಂದೆ ನಾನು.

“ಕಳ್ಳರೂ ಓಟ್ ಹಾಕ್ತಾರ?”

“ಹಾಕ್ತಾರ್ರಿ. ನಮ್ಮ ಕಡೆ ಹಾಕಿಸ್ಕೋತಾರ್ರಿ, ಅಷ್ಟ ಫರಕು.”

ಅಂದು ಮಧ್ಯಾಹ್ನ ಅವರು ಊಟಕ್ಕೂ ಏಳಲಿಲ್ಲ. ಎರಡು ದಿನ ಹೊಲಕ್ಕೂ ಹೋಗಲಿಲ್ಲ. ಮೂರನೆಯ ದಿನ ತಾಟಿನ ಮುಂದೆ ಕೂತು, “ನಾಳೆ ಬದನಿಕಾಯಿ ಪಲ್ಯ ಬೇಕನ್ನಾವ್ರು ಕೈ ಎತ್ರಿ,” ಎಂದರು.

ಕಾಕಾನ ಗಂಟಲಲ್ಲಿ ರೊಟ್ಟಿ ಸಿಕ್ಕಿತು. ದೊಡ್ಡವ್ವ ಎದ್ದು ಬಂದು ಗಂಡನ ಹಣೆ ಮುಟ್ಟಿ ನೋಡಿದಳು. “ಜ್ವರ ಏನೂ ಇಲ್ಲವಾ,” ಎಂದು ನಮ್ಮವ್ವನಿಗೆ ವರದಿ ಕೊಟ್ಟಳು.

ದೇಶಕ್ಕೆ ಪ್ರಜಾಪ್ರಭುತ್ವ ಬಂದು ಎಷ್ಟೋ ವರ್ಷಗಳಾಗಿದ್ದವು. ನಮ್ಮ ಮನೆಗೆ ಅದನ್ನು ಕಳ್ಳರು ಹಡಗಿನಲ್ಲಿ ತಂದಿಳಿಸಿದರು. ಆದರೆ ಕೈ ಎತ್ತುವುದು ಕೆಲಸಕ್ಕೆ ಬರಲಿಲ್ಲ. ನಾವೆಲ್ಲ ಮೊದಲು ದೊಡ್ಡಪ್ಪನ ಹುಬ್ಬು ನೋಡಿ, ಆಮೇಲೆ ಕೈ ಎತ್ತುತ್ತಿದ್ದೆವು. ಅವರ ಹುಬ್ಬು ಅಲ್ಲಾಡದಿದ್ದಾಗ ಬದನೆಕಾಯಿಗೂ ಹತ್ತು ಕೈ, ಹೀರೆಕಾಯಿಗೂ ಹತ್ತು ಕೈ! “ಕುರಿಗೋಳ ಜೋಡಿ ಹಡಗ ನಡಸೂದು ಹೆಂಗಲೇ?” ಎಂದು ಗುಡುಗಿದ ದೊಡ್ಡಪ್ಪ ಒಂದು ಗಡಿಗೆ ತರಿಸಿ, ಬಾಯಿಗೆ ಬಟ್ಟೆ ಕಟ್ಟಿಸಿದರು. ಪ್ರತಿಯೊಬ್ಬರಿಗೂ ಒಂದು ಶೇಂಗಾಕಾಳು, ಒಂದು ಹತ್ತಿಕಾಳು. ಬಟ್ಟೆಯ ಕೆಳಗೆ ಕೈ ಹಾಕಿ ಒಂದನ್ನು ಬಿಡಬೇಕು. ಶೇಂಗಾ ಎಂದರೆ ಆಗಲಿ, ಹತ್ತಿಕಾಳು ಎಂದರೆ ಬೇಡ. ಉಳಿದ ಕಾಳು ಮುಚ್ಚಿದ ಮುಷ್ಟಿಯಲ್ಲೇ ಎಮ್ಮೆಯ ಬುಟ್ಟಿಗೆ. ಯಾರು ಏನು ಹಾಕಿದರೆಂದು ಎಮ್ಮೆಗೆ ಮಾತ್ರ ಗೊತ್ತು.

ಪಲ್ಯದ ವಿಷಯದಲ್ಲಿ ನಮ್ಮ ಧೈರ್ಯ ಬೆಳೆಯಿತು. ಬದನೆಕಾಯಿ ಸೋತಿತು. ಹಾಗಲಕಾಯಿ ಠೇವಣಿ ಕಳೆದುಕೊಂಡಿತು. ಒಮ್ಮೆ ನನ್ನ ಮಿಮಿಕ್ರಿಯನ್ನೇ (ಪಡಸಾಲೆಯ ನಾಯಿ-ಬೆಕ್ಕಿನದು, ಕೊಟ್ಟಿಗೆಯದಲ್ಲ) ಗಡಿಗೆಗೆ ಹಾಕಿದರು. ಮುಂದುವರಿಯಲಿ ಎಂದವರು ಇಬ್ಬರೇ. ಒಂದು ನಾನು, ಇನ್ನೊಂದು ತನ್ನದೆಂದು ನೀಲಕ್ಕ ಆಮೇಲೆ ಒಪ್ಪಿಕೊಂಡಳು. ಹಾಗಾದರೆ ನನ್ನ ಹೆತ್ತ ತಾಯಿ ಎಲ್ಲಿಗೆ ಹೋಗಿದ್ದಳು ಸ್ವಾಮಿ?

“ನನ್ನ ವಿಷಯಾನೂ ಒಂದಿನ ಗಡಿಗ್ಯಾಗ ಬರ್ತೈತೇನೋ?” ಎಂದು ನೀಲಕ್ಕ ಒಮ್ಮೆ ಪಿಸುಗುಟ್ಟಿದಳು.

“ಬರ್ಲಿ ತಡಿ. ನನ್ನ ಹತ್ತಿಕಾಳು ನಿನಗ ಫಿಕ್ಸ್!” ಎಂದೆ. ಮಾತಿಗೇನು, ನನ್ನಂಥವನ ಬಾಯಲ್ಲಿ ಪುಕ್ಕಟೆ.

ಇಷ್ಟರಲ್ಲಿ ದೊಡ್ಡಪ್ಪನಿಗೆ ಹಡಗು ಹತ್ತುವ ಹುಚ್ಚು ಹಿಡಿಯಿತು. ನಮ್ಮ ಕಡೆ ಸಮುದ್ರವೆಲ್ಲಿಂದ ಬರಬೇಕು? ಮನೆಮಂದಿಯನ್ನೆಲ್ಲ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಸವದತ್ತಿಯ ಬಳಿ ಮಲಪ್ರಭೆಯ ಹಿನ್ನೀರಿಗೆ ನಡೆದರು. ದಂಡೆಯಲ್ಲಿದ್ದ ಅಂಬಿಗನನ್ನು ಒಪ್ಪಿಸಿ, ಧೋತರ ಮೇಲೆತ್ತಿ, ಕೋಟಿನ ಗುಂಡಿ ಹಾಕಿಕೊಂಡು ದೋಣಿ ಹತ್ತಿದರು. ಕಣ್ಣು ಮುಚ್ಚಿ, ಎರಡೂ ಕೈಯಲ್ಲಿ ಅಂಚು ಹಿಡಿದು ಕೂತವರು ನಿಮಿಷದೊಳಗೆ ಬೆವೆತರು.

“ನಡುನೀರಿಗೆ ಬಂದ್ವೇನೋ?”

“ಇಲ್ರಿ, ಯಜಮಾನ್ರ.”

“ತಲಿ ತಿರಗಾಕ ಹತ್ತೇತಿ. ಸಾಕು, ಹೊಳ್ಳಿ ದಂಡಿಗೆ ಹಚ್ಚು!”

“ಹಚ್ಚೂದೇನ್ರಿ? ಇನ್ನ ಹಗ್ಗಾನ ಬಿಚ್ಚಿಲ್ರಿ!”

ದೊಡ್ಡಪ್ಪ ಗಂಭೀರವಾಗಿ ಇಳಿದು ಬಂದು, “ನೀರು ಸಪ್ಪಗ ಐತಿ. ಉಪ್ಪ ಇಲ್ಲದ ನೀರು ನಮಗ ಹಿಡಸೂದಿಲ್ಲ,” ಎಂದರು.

ಅದಾದ ಹದಿನೈದು ದಿನಕ್ಕೆ ಅವರ ಎಡಗಣ್ಣಿಗೆ ಕಿತ್ತೂರಿನ ಶಿಬಿರದಲ್ಲಿ ಪೊರೆ ತೆಗೆದರು. ಕಣ್ಣಿಗೆ ಪಟ್ಟಿ ಕಟ್ಟಿದ ಡಾಕ್ಟರು, “ಎಂಟು ದಿನ ಟೀವಿ ನೋಡಬ್ಯಾಡ್ರಿ,” ಎಂದರು.

“ಆಪರೇಷನ್ ಒಂದ ಕಣ್ಣಿಗೆ ಮಾಡೀರಿ. ಶಿಕ್ಷಾ ಎರಡಕ್ಕ್ಯಾಕ್ರಿ?”

ಉತ್ತರ ಕೊಟ್ಟವಳು ದೊಡ್ಡವ್ವ. ಭಾನುವಾರ ಅವರ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಟ್ಟಳು. ಟೀವಿಯಲ್ಲಿ ಆಗುವುದನ್ನೆಲ್ಲ ನಾನು ಕನ್ನಡದಲ್ಲಿ ಹೇಳಬೇಕಾಯಿತು. ಗಿಳಿ, ಗಾಳಿ, ಕತ್ತಿ, ಕುಡುಕ, ಎಲ್ಲಾ ನಾನೇ! ದೊಡ್ಡಪ್ಪ ಗೋಡೆ ನೋಡುತ್ತ ಹೊಟ್ಟೆ ಹಿಡಿದು ನಕ್ಕರು. ಅವರಿಗೂ ನಗಲು ಬರುತ್ತದೆಂದು ನಮಗೆ ತಿಳಿದದ್ದೇ ಅವತ್ತು. ಆ ಉಮೇದಿನಲ್ಲಿ ಹೊಸ ಕ್ಯಾಪ್ಟನ್ನನಿಗೆ ನನ್ನ ಬಾಯಿ ಅರಿಯದೆ ಕೊಟ್ಟಿಗೆಯ ಧ್ವನಿಯನ್ನೇ ಕೊಟ್ಟುಬಿಟ್ಟಿತು. ಅವರ ನಗು ನಿಂತಿತು. ಪಟ್ಟಿ ಕಟ್ಟಿದ ಮುಖ ನಿಧಾನವಾಗಿ ನನ್ನ ಕಡೆ ತಿರುಗಿತು.

“ಈ ಧ್ವನಿ ಎಲ್ಲೋ ಕೇಳೇನಲ್ಲೋ?”

ನಾನು ಆಮೇಲಿನ ಅರ್ಧ ಗಂಟೆ ಗಿಳಿಯಾಗಿಯೇ ಉಳಿದೆ.

ಪಟ್ಟಿ ಬಿಚ್ಚಿದ ಮರುವಾರ ಧಾರಾವಾಹಿ ಮುಗಿಯುತ್ತಲೂ ದೊಡ್ಡಪ್ಪ ಗಡಿಗೆ ತರಿಸಿದರು. ಹೀರೆಕಾಯಿಯದೋ ಏನೋ ಇರಬೇಕೆಂದು ನಾವು ನಗುನಗುತ್ತ ಕೂತೆವು.

“ನೀಲವ್ವನ ವಿಷಯ,” ಎಂದರು.

ನಗು ಹೋದ ದಿಕ್ಕು ಕಾಣಲಿಲ್ಲ.

“ಧಾರವಾಡದ ಪತ್ರ ಜ್ವಾಳದ ಡಬ್ಬ್ಯಾಗ ಐತಿ, ನನಗ ಗೊತ್ತೈತಿ. ರಾಮದುರ್ಗಕ್ಕ ನಾ ಮಾತು ಕೊಟ್ಟೇನಿ, ನಿಮಗ ಗೊತ್ತೈತಿ. ಮದುವಿ ಆಗಲಿ ಅನ್ನಾವ್ರು ಶೇಂಗಾ ಹಾಕ್ರಿ. ಬ್ಯಾಡ ಅನ್ನಾವ್ರು ಹತ್ತಿಕಾಳು. ಮಂದಿ ಹೇಳಿದ್ದು ಕ್ಯಾಪ್ಟನ್ ಕೇಳಬೇಕು.”

ನೀಲಕ್ಕನ ಮುಖ ಸುಣ್ಣವಾಯಿತು. ಅಜ್ಜಿಯಿಂದ ಶುರುವಾಗಿ ಒಬ್ಬೊಬ್ಬರೇ ಎದ್ದು ಕೈ ಹಾಕಿ ಬಂದರು. ನನ್ನ ಸರದಿಯಲ್ಲಿ ಹತ್ತಿಕಾಳನ್ನು ಬೆರಳ ತುದಿಗೆ ತಂದುಕೊಂಡೇ ಹೋದೆ. ಗಡಿಗೆಯಲ್ಲಿ ಕೈಯಿಟ್ಟು ಒಮ್ಮೆ ದೊಡ್ಡಪ್ಪನ ಮುಖ ನೋಡಿದೆ. ನೋಡಬಾರದಿತ್ತು. ಪಲ್ಯ ಸೋಲಿಸುವುದು ಬೇರೆ, ಈ ಮನುಷ್ಯನ ಮಾತು ಸೋಲಿಸುವುದು ಬೇರೆ. ಬೆರಳು ತಾನಾಗಿ ಶೇಂಗಾ ಬಿಟ್ಟಿತು. ಉಳಿದ ಒಂಬತ್ತು ಮಂದಿಯಲ್ಲಿ ಯಾರಾದರೂ ಹಾಕಿರುತ್ತಾರೆ ಬಿಡು ಎಂದುಕೊಂಡು ಬಂದು ಕೂತೆ. ಎಲ್ಲರ ಕೊನೆಗೆ ದೊಡ್ಡಪ್ಪ ಕೈ ಹಾಕಿದರು. ಆಮೇಲೆ ಗಡಿಗೆ ಮಗುಚಿದರು.

ಜಮಖಾನೆಯ ಮೇಲೆ ಹತ್ತು ಶೇಂಗಾ. ಒಂದು ಹತ್ತಿಕಾಳು.

ಎಲ್ಲರೂ ನೀಲಕ್ಕನ ಕಡೆ ನೋಡಿದೆವು. ಅವಳು ತಲೆ ಅಲ್ಲಾಡಿಸಿದಳು. “ಅದು ನಂದಲ್ರಿ ಅಪ್ಪಾ. ನಾನೂ ಶೇಂಗಾನ ಹಾಕೇನಿ. ನಿಮ್ಮ ಮಾತು ಹೋಗಬಾರದಂತ...” ಮುಂದಿನದು ಸೆರಗಿನಲ್ಲಿ ಹೋಯಿತು. ಆಮೇಲೆ ಎಲ್ಲರ ಕಣ್ಣೂ ನನ್ನ ಮೇಲೆ. ಜನ್ಮದಲ್ಲಿ ಮೊದಲ ಸಲ ನನ್ನನ್ನು ಧೈರ್ಯಶಾಲಿ ಎಂದು ತಿಳಿದಿದ್ದರು, ಅದೂ ತಪ್ಪಾಗಿ! “ನಂದಲ್ಲ,” ಎಂದೆ. ದೊಡ್ಡವ್ವ ತನ್ನದಲ್ಲ ಎಂದಳು. ಅವ್ವ, ಅಪ್ಪ, ಕಾಕಾ, ಕಾಕಿ, ಅಣ್ಣ, ವೈನಿ ಎಲ್ಲರೂ ಅದನ್ನೇ ಅಂದರು. ಕಿವಿ ಕೇಳದ ಅಜ್ಜಿ ಕೂಡ, “ನಂದಲ್ಲೋ ಯಪ್ಪಾ,” ಎಂದಳು.

ಹತ್ತು ಮಂದಿ ಆಯಿತು. ಇನ್ನುಳಿದವರು ಒಬ್ಬರೇ.

ದೊಡ್ಡಪ್ಪ ಆ ಹತ್ತಿಕಾಳನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡರು. “ನನ್ನ ಮಾತು ನಾನ ಮುರಿಯಾಕ ಬಾಯಿ ಬರವಲ್ದು. ನೀವಾರ ಮುರೀತೀರಿ ಅಂತ ಇಷ್ಟ ದಿನ ಪಲ್ಯಾದ ಮ್ಯಾಲ ರೂಢಿ ಮಾಡಿಸಿದೆ. ಹತ್ತು ಮಂದ್ಯಾಗ ಒಬ್ಬರಿಗಾರ ಧೈರ್ಯ ಬಂದೀತು ಅಂತ...” ಎಂದರು.

ಕಾಕಾ ಮೆಲ್ಲಗೆ ಕೆಮ್ಮಿದ. “ಅಣ್ಣಾ, ಹತ್ತಕ್ಕ ಒಂದು ಆತಲ್ಲ. ರೂಲ್ ಪ್ರಕಾರ ಮದುವಿ ಮಾಡಬೇಕಾಗ್ತೈತಿ.”

“ರೂಲ್ ಸುಡ್ಲಿ!” ಛಾವಣಿಯ ಮಣ್ಣು ಉದುರುವಂಥ ಹಳೆಯ ಗರ್ಜನೆ. “ಇವತ್ತಿನಿಂದ ಈ ಮನ್ಯಾಗ ಓಟು ಬಂದ್! ನಾ ಹೇಳಿದ್ದ ನಡೀಬೇಕು! ನೀಲವ್ವ ಧಾರವಾಡಕ್ಕ ಹೋಗ್ತಾಳ!”

ಹತ್ತೂ ಮಂದಿ ಒಟ್ಟಿಗೆ ‘ಹೂಂ’ ಎಂದೆವು. ಅಷ್ಟು ಖುಷಿಯಿಂದ ನಾವು ಯಾವತ್ತೂ ಗುಲಾಮರಾಗಿರಲಿಲ್ಲ.

ಮರುದಿನ ಅವರು ರಾಮದುರ್ಗಕ್ಕೆ ಹೊರಟಾಗ ಜೊತೆಗೆ ನನ್ನನ್ನು ಕರೆದುಕೊಂಡರು. ದಾರಿಯುದ್ದಕ್ಕೂ ನಾನು ಯಾರ ಧ್ವನಿಯನ್ನೂ ತೆಗೆಯಲಿಲ್ಲ. ಮನೆಯವರು ಒಪ್ಪಲಿಲ್ಲ, ಹುಡುಗಿ ಹಟ ಹಿಡಿದಳು, ಹೀಗೆ ಏನಾದರೊಂದು ಹೇಳಿಬಿಡುತ್ತಾರೆ, ನಾನು ಪಕ್ಕದಲ್ಲಿ ನಿಂತು ತಲೆ ಅಲ್ಲಾಡಿಸಿದರಾಯಿತು ಎಂದುಕೊಂಡಿದ್ದೆ. ಗೆಳೆಯರು ಗಾದಿಯ ಮೇಲೆ ಕೂತು ಗಿರಾಕಿ ಬಿಟ್ಟುಹೋದ ಸೀರೆಗಳನ್ನು ಮಡಚುತ್ತಿದ್ದರು. ದೊಡ್ಡಪ್ಪ ಚಪ್ಪಲಿ ಬಿಟ್ಟು ಒಳಗೆ ಹೋಗಿ ನಿಂತೇ ಹೇಳಿದರು:

“ಮನ್ಯಾಗ ಎಲ್ಲಾರೂ ಹೂಂ ಅಂದ್ರು, ನೀಲವ್ವ ಸೈತ. ಒಲ್ಲೆ ಅಂದಾಂವ ನಾ ಒಬ್ಬನ. ಹುಡುಗಿ ಕಲೀಲಿ ಅನಸ್ತು. ಮಾತು ತಪ್ಪಿದಾಂವ ನಾನು.”

ನಾನು ದಂಗಾದೆ. ಇವರಿಗೆ ಸುಳ್ಳೇ ಬರುವುದಿಲ್ಲವೇ? ಗೆಳೆಯರು ಕೈಯಲ್ಲಿದ್ದ ಸೀರೆಯನ್ನು ಪೂರ್ತಿ ಮಡಚಿದರು. ಇನ್ನೊಂದನ್ನು ಎತ್ತಿಕೊಂಡರು. “ಆತು,” ಎಂದರು. ಕುಂದರ್ರಿ ಎನ್ನಲಿಲ್ಲ, ಒಳಗೆ ಚಹಾ ಇಡಲು ಹೇಳಲಿಲ್ಲ. ನಾವು ಮೆಟ್ಟಿಲಿಳಿದೆವು.

ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಕೂತಾಗ ಚಹಾದವನು ಬಂದು, “ಯಜಮಾನ್ರ, ಚಾದಾಗ ಸಕ್ಕರಿ ಹೆಂಗಿರ್ಲಿ?” ಎಂದು ಕೇಳಿದ. ಜಗತ್ತಿನ ಪ್ರತಿಯೊಂದು ಪ್ರಶ್ನೆಗೂ ಒಂದು ಹುಕುಂ ಇಟ್ಟುಕೊಂಡ ದೊಡ್ಡಪ್ಪನಿಗೆ ಇದಕ್ಕೆ ಉತ್ತರ ಹೊಳೆಯಲಿಲ್ಲ. ನನಗಲ್ಲ, ಮೇಜಿಗೆ ಹೇಳಿದಂತೆ, “ನಲವತ್ತ ವರ್ಷ ಈ ಊರಾಗ ನನ್ನ ಯಾರೂ ಇದನ್ನ ಕೇಳಿಲ್ಲೋ. ಅವರ ಮನ್ಯಾಗ ಗೊತ್ತಿತ್ತು,” ಎಂದರು.

ಚಹಾದವನು ಇನ್ನೂ ನಿಂತೇ ಇದ್ದ.

“ಜಾಸ್ತಿ ಹಾಕ್ರಿ,” ಎಂದೆ ನಾನು. ನನ್ನದೇ ಧ್ವನಿಯಲ್ಲಿ.