ಕೊನೆಯ ಸಾಲಿನ ಬಳೆಗಳು

ಹೆಂಡತಿಯ ಎರಡು ಬಳೆಗಳನ್ನು ಅಡವಿಟ್ಟು ಸ್ವಂತ ಕನ್ನಡಕದಂಗಡಿ ತೆರೆದು, ಅಂಗಡಿಯ ಜೊತೆಗೆ ಬಳೆಗಳನ್ನೂ ಮುಳುಗಿಸಿದ ದಿನ ಮೇಸ್ತ್ರಿ ಅವಳಿಗೆ ಮಾತು ಕೊಟ್ಟಿದ್ದ: "ಇನ್ನು ಜೀವ ಇರೋವರೆಗೂ ನಿನ್ನ ಚಿನ್ನ ಮುಟ್ಟಲ್ಲ."

ಆಮೇಲೆ ಅವನು ಬೇರೊಬ್ಬರ ಅಂಗಡಿಯ ಹಿಂಕೋಣೆಯಲ್ಲಿ ಗಾಜು ಉಜ್ಜುತ್ತ ಕೂತ. ಅವಳು ಬಳೆಯ ಸುದ್ದಿ ಎತ್ತಲಿಲ್ಲ. ಆದರೆ ಪಾತ್ರೆ ತೊಳೆಯುವ ಮುನ್ನ ಇಲ್ಲದ ಬಳೆಗಳನ್ನು ಮೊಣಕೈಯತ್ತ ಸರಿಸಿಕೊಳ್ಳುವುದನ್ನು ಅವಳ ಕೈ ಮರೆತಿರಲಿಲ್ಲ. ಮೇಸ್ತ್ರಿ ಆಗ ಗೋಡೆ ನೋಡುತ್ತಿದ್ದ.

ಅದಕ್ಕೇ ಸಂಬಳದಲ್ಲಿ ಚೂರುಚೂರೇ ಉಳಿಸಿ ಫೋನಿನೊಳಗಿನ ಚಿನ್ನದ ನಾಣ್ಯ ಕೂಡಿಟ್ಟಿದ್ದ. ಒಂದೊಂದು ನಾಣ್ಯಕ್ಕೂ ಅದನ್ನು ಮಾರುವ ಕಂಪನಿಯ ತಿಜೋರಿಯಲ್ಲಿ ಎಲ್ಲೋ ಒಂದು ಗ್ರಾಂ ಅಸಲಿ ಚಿನ್ನ. ಈವತ್ತಿಗೆ ಎರಡು ಬಳೆಗಾಗುವಷ್ಟು ತುಂಬಿತ್ತು. ಸಂಜೆ ಹೆಂಡತಿ ಅಂಗಡಿಗೆ ಬರುವವಳಿದ್ದಳು. ಅವಳ ಕೈಯಿಂದಲೇ ಗುಂಡಿ ಒತ್ತಿಸಿದರೆ ಚಿನ್ನ ಮನೆಗೆ ಬರುತ್ತದೆ.

ಖುಷಿ ತಡೆಯಲಾರದೆ ಬೆಳಿಗ್ಗೆಯೇ ಕ್ಯಾಷಿಯರನಿಗೆ ಹೇಳಿದ್ದೇ ತಪ್ಪಾಯಿತು.

"ಕಣ್ಣಿಗೆ ಕಾಣದ ಚಿನ್ನ ನಂಬಿದ್ದೀಯಲ್ಲ, ಮೊದಲು ನೀನೊಂದು ಕನ್ನಡಕ ಹಾಕ್ಕೋ ಮೇಸ್ತ್ರಿ" ಎಂದ ಕ್ಯಾಷಿಯರ್.

ಮೇಸ್ತ್ರಿಗೆ ರೋಷ ಬಂತು. ಈ ಕಂಪನಿಯಲ್ಲಿ ಮುಚ್ಚುಮರೆಯೇ ಇಲ್ಲ, ಯಾವ ಖಾತೆಯಲ್ಲಿ ಎಷ್ಟಿದೆಯೆಂದು ಯಾರು ಬೇಕಾದರೂ ನೋಡಬಹುದು ಎಂದು ತನ್ನ ಖಾತೆಯ ನಂಬರನ್ನೇ ಕೊಟ್ಟು ತೋರಿಸಿದ. ಕನ್ನಡಕ ಒಯ್ಯಲು ಬಂದಿದ್ದ ಪಕ್ಕದಂಗಡಿಯ ದರ್ಜಿಯೂ ಇಣುಕಿ ನೋಡಿದ. ಗಾಜಿನ ಬಚ್ಚಲುಮನೆಯಲ್ಲಿ ಸ್ನಾನಕ್ಕೆ ನಿಂತ ಹಾಗಾಯ್ತಲ್ಲ ಎಂದು ಮರುಗಿ, ಹೋಗುವಾಗ ಸಣ್ಣದೊಂದು ಕೈಸಾಲ ಕೇಳಿದ. ಮಧ್ಯಾಹ್ನದೊಳಗೆ ಮೇಸ್ತ್ರಿಯ ಚಿನ್ನದ ತೂಕ ಬೀದಿಗೆಲ್ಲ ಬಾಯಿಪಾಠ. ಮಾಲೀಕರು ಕರೆದು ಬೆನ್ನು ತಟ್ಟಿ, ಇಷ್ಟು ಅನುಕೂಲಸ್ಥನಿಗೆ ಈ ವರ್ಷ ಸಂಬಳ ಏರಿಸುವ ಅಗತ್ಯ ಕಾಣುವುದಿಲ್ಲ ಎಂದರು.

ಕಣ್ಣು ಪರೀಕ್ಷೆ ಮಾಡುವ ಅಕ್ಕನಿಗೆ ಮಾತ್ರ ನಿಜವಾದ ಕಾಳಜಿ. ನೋಡುವವರು ನೋಡಲಿ, ತೆಗೆಯುವಂತಾಗಬಾರದು ಎಂದವಳೇ ಪಾಸ್‌ವರ್ಡ್ ಏನಿಟ್ಟಿದ್ದೀಯ ಎಂದು ಕೇಳಿದಳು. ಹೆಂಡತಿಯ ಹೆಸರು ಎಂದು ಮೇಸ್ತ್ರಿ ನಾಚಿದ. ನಾನೂ ಅದೇ ಅಂದುಕೊಂಡಿದ್ದೆ ಎಂದ ಕ್ಯಾಷಿಯರ್.

"ಈಗಲೇ ಬದಲಾಯಿಸು. ಎಲ್ಲೂ ಬರೆದಿಡಬೇಡ. ನನಗೂ ಹೇಳಬೇಡ" ಎಂದಳು ಅಕ್ಕ.

ಮೇಸ್ತ್ರಿಯ ನೆನಪೋ ತೂತಿನ ಜೇಬು. ಊಟದ ಹೊತ್ತಿನಲ್ಲಿ ಎಲ್ಲರೂ ಎದ್ದಮೇಲೆ ಪರೀಕ್ಷೆ ಕೋಣೆಗೆ ನುಸುಳಿದ. ಗೋಡೆಯ ಪರದೆಯ ಮೇಲೆ ಅಕ್ಷರಗಳು ಬೆಳಗುತ್ತಿದ್ದವು. ಗಿರಾಕಿಗಳು ತಡವರಿಸುವ, ಇರುವೆ ಗಾತ್ರದ ಕೊನೆಯ ಸಾಲನ್ನೇ ಪಾಸ್‌ವರ್ಡ್ ಮಾಡಿದ. ಮರೆತರೆ ಬಂದು ನೋಡಿಕೊಂಡರಾಯಿತು. ತನ್ನ ಬುದ್ಧಿಗೆ ತಾನೇ ತಲೆದೂಗಿದ.

ಸಂಜೆ ಹೆಂಡತಿ ಬಂದಳು. ಮಣಿಕಟ್ಟಿನ ಅಳತೆಗೆ ಕತ್ತರಿಸಿದ ಕೆಂಪು ದಾರವೊಂದು ಅವಳ ಮುಷ್ಟಿಯಲ್ಲಿತ್ತು. ಮೇಸ್ತ್ರಿ ಅವಳನ್ನು ಪರೀಕ್ಷೆ ಕೋಣೆಯಲ್ಲಿ ಕೂರಿಸಿ, ಪರದೆ ನೋಡಿಕೊಂಡು ಕೊನೆಯ ಸಾಲು ಒತ್ತಿದ. ತಪ್ಪು ಎಂದಿತು ಫೋನು. ಕಣ್ಣುಜ್ಜಿಕೊಂಡು ಮತ್ತೆ ಒತ್ತಿದ. ತಪ್ಪು. ಮೂರನೆಯ ಸಲ ಖಾತೆಗೆ ಶಾಶ್ವತವಾಗಿ ಬೀಗ ಬಿತ್ತು.

ಅವನು ಪರದೆ ನೋಡಿ ಒತ್ತುವುದನ್ನು ಬಾಗಿಲಲ್ಲೇ ಕಂಡ ಅಕ್ಕ ಹಣೆ ಚಚ್ಚಿಕೊಂಡಳು. "ಬಾಯಿಪಾಠ ಮಾಡ್ಕೊಂಡು ಬರ್ತಾರೆ ಅಂತ ಒಬ್ಬೊಬ್ಬರಿಗೂ ಅಕ್ಷರ ಬದಲಾಗುತ್ತಪ್ಪ ಅದರಲ್ಲಿ. ನನ್ನನ್ನ ಒಂದು ಮಾತು ಕೇಳಬಾರದಾಗಿತ್ತಾ?"

"ನಿಮಗೂ ಹೇಳಬೇಡ ಅಂದವರು ನೀವೇ ಅಲ್ವಾ ಅಕ್ಕ."

ಕಂಪನಿಗೆ ಫೋನು ಮಾಡಿದರೆ, ತಮ್ಮಲ್ಲಿ ಗ್ರಾಹಕರ ಗುಟ್ಟು ಎಷ್ಟು ಭದ್ರವೆಂದರೆ ತಾವೂ ಆ ಬೀಗ ತೆಗೆಯಲಾರೆವು ಎಂದು ಜೇನಿನಂಥ ದನಿಯೊಂದು ಹೆಮ್ಮೆಪಟ್ಟಿತು. ಚಿನ್ನವನ್ನು ಮಾತ್ರ ಯಾವಾಗ ಬೇಕಾದರೂ ನೋಡಬಹುದಂತೆ.

ಹೆಂಡತಿ ಫೋನನ್ನು ಮಡಿಲಲ್ಲಿಟ್ಟುಕೊಂಡಳು. ತಿಜೋರಿಯಲ್ಲಿನ ತನ್ನ ಚಿನ್ನದ ತೂಕವನ್ನು ಬಹಳ ಹೊತ್ತು ನೋಡಿದಳು.

"ಇದೆ ಅಲ್ವಾ ಆದ್ರೂ?"

"ಇದೆ."

"ಯಾರಿಗೂ ತೆಗೆಯೋಕಾಗಲ್ಲ?"

"ಯಾರಿಗೂ ಆಗಲ್ಲ."

"ನಿಮಗೂ?"

"ನನಗೂ."

ಹೆಂಡತಿಯ ಚಿನ್ನ ಮುಟ್ಟುವುದಿಲ್ಲವೆಂದು ಮೇಸ್ತ್ರಿ ಕೊಟ್ಟಿದ್ದ ಮಾತು ಉಳಿಯಿತು.